ಫ್ಯೂಸಿನ ಬಾಯಿ ಕಟ್ಟಿದ ಮನೆಗಳು: ಮುಂಬೈಯ ಹಳೆಯ ಕಟ್ಟಡಗಳ ವಿದ್ಯುತ್ ಸುರಕ್ಷತೆ

ಮಾಟುಂಗದಲ್ಲಿ 1940ಕ್ಕೂ ಮೊದಲು ಕಟ್ಟಿದ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ನನ್ನ ಸೋದರತ್ತೆಯ ಮನೆಯಿದೆ. ಒಂದು ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು ಒಮ್ಮೆ ವೈರಿಂಗ್ ನೋಡಿಸೋಣವೆಂದು ಎಲೆಕ್ಟ್ರಿಷಿಯನ್‌ನನ್ನು ಕರೆದುಕೊಂಡು ಹೋಗಿದ್ದೆ. ಮುಂಬಾಗಿಲ ಮೇಲಿನ ಸಾಗುವಾನಿ ಹಲಗೆಯಲ್ಲಿ ಎರಡು ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸ್‌ಗಳಿದ್ದವು. ಒಂದನ್ನು ಎಳೆದು ತೆಗೆದಾಗ ಅದರೊಳಗೆ ಕಂಡದ್ದು ಕೂದಲೆಳೆಯಂಥ ಫ್ಯೂಸ್ ತಂತಿಯಲ್ಲ. ಯಾವುದೋ ಹಳೆಯ ವೈರಿನಿಂದ ಕಿತ್ತ ತಾಮ್ರದ ಏಳೆಂಟು ಎಳೆಗಳನ್ನು ಹೊಸೆದು ಎರಡೂ ತುದಿಗೆ ಸುತ್ತಿ ಬಿಗಿದಿದ್ದರು. ಪಿಂಗಾಣಿಯ ಒಳಮೈ ಕಂದು ಬಣ್ಣಕ್ಕೆ ತಿರುಗಿತ್ತು. “ಇದನ್ನು ಕಟ್ಟಿಸಿದ ಮೇಲೆ ಒಂದು ಸಲವೂ ಫ್ಯೂಸ್ ಹೋಗಲಿಲ್ಲ ಮಗಾ, ಅದಕ್ಕೆ ಮೊದಲು ಬೇಸಗೆಯಲ್ಲಿ ದಿನಾ ಅದೇ ಗೋಳು” ಎಂದರು ಅತ್ತೆ. ಅವರ ಮಾತಿನಲ್ಲಿ ನೆಮ್ಮದಿಯಿತ್ತು. ಅದೇ ನೆಮ್ಮದಿಯಿಂದ ಬದುಕುತ್ತಿರುವ ಹಳೆಯ ಮನೆಗಳು ಗಿರ್ಗಾಂವ್, ಪರೇಲ್, ದಾದರ್, ವಡಾಲಾ, ಮಾಟುಂಗಗಳ ಗಲ್ಲಿಗಲ್ಲಿಯಲ್ಲಿವೆ, ಮತ್ತು ಅವುಗಳಲ್ಲಿ ನಮ್ಮ ಕನ್ನಡಿಗರ ಮನೆಗಳೂ ಸಾಕಷ್ಟಿವೆ.

ಹಳೆಯ ಮನೆಯ ವೈರಿಂಗ್ ಅಪಾಯಕಾರಿ ಎಂಬ ಮಾತನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಅಪಾಯ ಎಲ್ಲಿದೆ ಎಂಬುದನ್ನು ಸರಿಯಾಗಿ ಗುರುತಿಸದೆ ಹೋದರೆ ಖರ್ಚು ಮಾಡಿದ ಹಣವೂ ತಪ್ಪು ಜಾಗಕ್ಕೆ ಹೋಗುತ್ತದೆ. ತಂತಿಗೆ ವಯಸ್ಸಾಗಿದೆ ಎಂಬುದು ಅಪಾಯದ ಅರ್ಧ ಮಾತ್ರ. ಸಣ್ಣ ಭಾರಕ್ಕೆಂದು ಎಳೆದ ತಂತಿಯ ಮೇಲೆ ದೊಡ್ಡ ಭಾರ ಹೊರಿಸಿ, ಅದು ತಾಳಲಾರೆನೆಂದು ಹೇಳುವ ಒಂದೇ ಒಂದು ಬಾಯಿಯಾದ ಫ್ಯೂಸನ್ನು ಕಟ್ಟಿಹಾಕುವುದು ಇನ್ನರ್ಧ, ಮತ್ತು ಹೆಚ್ಚು ಅನಾಹುತ ಮಾಡುವ ಅರ್ಧ. ಹೊಸ ಎಂಸಿಬಿ (ಪ್ರವಾಹ ಮಿತಿ ಮೀರಿದರೆ ತಾನೇ ಬೀಳುವ, ಫ್ಯೂಸಿನ ಬದಲಿನ ಸ್ವಿಚ್ಚು) ಹಾಕಿಸಿದ್ದೇವೆ, ಇನ್ನೇನು ಭಯ ಎನ್ನುವ ಮನೆಗಳಲ್ಲಿಯೂ ಅನೇಕ ಸಲ ಇದೇ ತಪ್ಪು ಹೊಸ ರೂಪದಲ್ಲಿ ನಡೆದಿರುತ್ತದೆ.

ಮುಂಬೈಗೆ ವಿದ್ಯುತ್ ಬಂದು ನೂರು ವರ್ಷ ಎಂದೋ ದಾಟಿತು. ಬಾಂಬೆ ಎಲೆಕ್ಟ್ರಿಕ್ ಸಪ್ಲೈ ಅಂಡ್ ಟ್ರಾಮ್‌ವೇಸ್ ಕಂಪನಿ 1905ರಲ್ಲಿ ಸ್ಥಾಪನೆಯಾಯಿತು. 1907ರಲ್ಲಿ ವಿದ್ಯುತ್ ಟ್ರಾಮ್ ಓಡಿತು. 1947ರಲ್ಲಿ ಸಂಸ್ಥೆ ನಗರಪಾಲಿಕೆಯ ವಶಕ್ಕೆ ಬಂದು ಈಗಿನ ಬೆಸ್ಟ್ ಆಯಿತು. ಆ ಕಾಲದ ಮನೆಗೆ ವಿದ್ಯುತ್ ಎಂದರೆ ದೀಪ, ಅನುಕೂಲವಿದ್ದವರಿಗೆ ಫ್ಯಾನು, ಮುಂದೆ ಒಂದು ರೇಡಿಯೊ. 60 ವ್ಯಾಟಿನ ನಾಲ್ಕು ಬಲ್ಬು, 75 ವ್ಯಾಟಿನ ಎರಡು ಫ್ಯಾನು ಒಟ್ಟಿಗೆ ಹಾಕಿದರೂ 400 ವ್ಯಾಟ್ ಆಗುವುದಿಲ್ಲ. 230 ವೋಲ್ಟಿನಲ್ಲಿ ಅದು ಎರಡು ಆಂಪಿಯರಿಗೂ ಕಡಿಮೆ. ಅದಕ್ಕೆ ತಕ್ಕಂತೆ ಮರದ ಪಟ್ಟಿಯ ಮೇಲೆ ಕ್ಲಿಪ್ಪು ಹೊಡೆದೋ, ಮುಚ್ಚಳವಿರುವ ಮರದ ಕೇಸಿಂಗಿನೊಳಗೋ ರಬ್ಬರ್ ಹೊದಿಕೆಯ ತಂತಿ ಎಳೆಯುತ್ತಿದ್ದರು. ಹಳೆಯ ವೈರ್‌ಮನ್‌ಗಳು 3/22 ಎಂದು ಕರೆಯುತ್ತಿದ್ದ ತಂತಿಯಲ್ಲಿ ಮೂರು ಎಳೆ ಸೇರಿ ತಾಮ್ರದ ಅಡ್ಡಕೊಯ್ತ ಸುಮಾರು 1.2 ಚದರ ಮಿಲಿಮೀಟರ್ ಮಾತ್ರ. ಅವರ ಕೆಲಸದಲ್ಲಿ ತಪ್ಪಿರಲಿಲ್ಲ; ಆ ಕಾಲದ ಲೆಕ್ಕಕ್ಕೆ ಅದು ಧಾರಾಳವೇ ಆಗಿತ್ತು.

ಈಗ ಅದೇ ಎರಡು ಕೋಣೆಗಳಲ್ಲಿ ಒಂದೂವರೆ ಟನ್ನಿನ ಎಸಿ ಏಳೆಂಟು ಆಂಪಿಯರ್ ಎಳೆಯುತ್ತದೆ. 2 ಕಿಲೋವ್ಯಾಟಿನ ಗೀಸರ್ ಒಂಬತ್ತರ ಹತ್ತಿರ ಬರುತ್ತದೆ, ಬಿಸಿನೀರಿಗೆ ಕಾಯುವ ತಾಳ್ಮೆಯಿಲ್ಲದೆ ತಂದ 3 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್ ಹದಿಮೂರು ತೆಗೆದುಕೊಳ್ಳುತ್ತದೆ. ಇಂಡಕ್ಷನ್ ಒಲೆ ಮತ್ತೆ ಒಂಬತ್ತು, ಇಸ್ತ್ರಿಪೆಟ್ಟಿಗೆ ನಾಲ್ಕಕ್ಕಿಂತ ಹೆಚ್ಚು. ಫ್ರಿಜ್ಜು, ಮಿಕ್ಸಿ, ಗ್ರೈಂಡರ್, ಟಿವಿಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ಬೆಳಗಿನ ಏಳು ಗಂಟೆಗೆ ಒಂದು ಮನೆ ಮೂವತ್ತು ಆಂಪಿಯರ್ ಮುಟ್ಟುವುದು ಕಷ್ಟವೇನಲ್ಲ. ಅಜ್ಜನ ಕಾಲದ ಹದಿನೈದು ಪಟ್ಟಿಗಿಂತ ಹೆಚ್ಚು.

ಇಲ್ಲಿ ಒಂದು ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ತಂತಿಯಲ್ಲಿ ಹುಟ್ಟುವ ಶಾಖ ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ಪ್ರವಾಹ ಇಮ್ಮಡಿಯಾದರೆ ಶಾಖ ನಾಲ್ಕು ಮಡಿ, ಮೂರು ಪಟ್ಟಾದರೆ ಒಂಬತ್ತು ಮಡಿ. ಇಂದಿನ ಸಾಮಾನ್ಯ ಪಿವಿಸಿ ಹೊದಿಕೆ ನಿರಂತರವಾಗಿ ತಾಳಬಲ್ಲದ್ದು 70 ಡಿಗ್ರಿ ಸೆಲ್ಸಿಯಸ್ ಮಾತ್ರ. ಹಳೆಯ ರಬ್ಬರ್ ಹೊದಿಕೆಯಂತೂ ವರ್ಷಗಟ್ಟಲೆ ಬಿಸಿ ತಿಂದು ಗಟ್ಟಿಯಾಗಿ, ಹಪ್ಪಳದಂತೆ ಬಿರಿಯುವ ಸ್ಥಿತಿಗೆ ಬಂದಿರುತ್ತದೆ. ಯಾರೂ ಮುಟ್ಟದಿದ್ದಾಗ ಹೇಗೋ ನಿಂತಿರುತ್ತದೆ, ಸ್ವಿಚ್ ಬದಲಿಸಲು ಬೋರ್ಡು ಬಿಚ್ಚಿ ತಂತಿ ಬಾಗಿಸಿದ ಕೂಡಲೇ ಉದುರಿ ತಾಮ್ರ ಬೆತ್ತಲಾಗುತ್ತದೆ. ಒಂದು ಸಣ್ಣ ರಿಪೇರಿಗೆ ಕರೆದ ಎಲೆಕ್ಟ್ರಿಷಿಯನ್ ಇನ್ನೊಂದು ದೊಡ್ಡ ಕೆಲಸ ಹೇಳುತ್ತಾನೆ ಎಂದು ಹಿರಿಯರು ಸಿಡಿಮಿಡಿಗೊಳ್ಳುವುದುಂಟು. ಈ ವಿಷಯದಲ್ಲಿ ಅವನು ಹೇಳುವುದು ಬಹಳ ಸಲ ನಿಜವಾಗಿರುತ್ತದೆ.

ಆದರೂ ತಂತಿಯ ಉದ್ದಕ್ಕೂ ಒಂದೇ ಸಮ ಬಿಸಿಯೇರಿ ಬೆಂಕಿ ಹತ್ತುವುದಕ್ಕಿಂತ ಕೀಲುಗಳಲ್ಲಿ ಬೆಂಕಿ ಹುಟ್ಟುವುದೇ ಹೆಚ್ಚು ಸುಲಭ. ಸ್ವಿಚ್ಚಿನ ಸಡಿಲ ಸ್ಕ್ರೂ, ಸವೆದ ಸಾಕೆಟ್ಟಿನೊಳಗೆ ಅಲುಗಾಡುವ ಪಿನ್ನು, ಟೇಪು ಸುತ್ತಿದ ಜೋಡಣೆ, ತಾಮ್ರಕ್ಕೆ ಅಲ್ಯುಮಿನಿಯಂ ಹೊಸೆದ ಗಂಟು, ಇವೆಲ್ಲ ಪ್ರತಿರೋಧ ಹೆಚ್ಚಿರುವ ಜಾಗಗಳು. ಮುಂಬೈಯ ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ತೇವ ಎರಡೂ ಸೇರಿ ಲೋಹದ ಮೇಲೆ ಕಿಲುಬು ಕಟ್ಟುವ ಕೆಲಸವನ್ನು ಬಯಲುಸೀಮೆಯ ಊರುಗಳಿಗಿಂತ ಬೇಗ ಮುಗಿಸುತ್ತವೆ. ಅಂಥ ಒಂದು ಕೀಲಿನ ಪ್ರತಿರೋಧ ಬರೀ ಒಂದು ಓಮ್‌ನಷ್ಟಿದೆ ಎಂದಿಟ್ಟುಕೊಳ್ಳಿ. ಅದರ ಮೂಲಕ ಎಸಿಯ 8 ಆಂಪಿಯರ್ ಹರಿದರೆ ಆ ಬಿಂದುವಿನಲ್ಲಿ 64 ವ್ಯಾಟ್ ಶಾಖ ಹುಟ್ಟುತ್ತದೆ. ರೇಡಿಯೊ ರಿಪೇರಿಯವನ ಕೈಯಲ್ಲಿ ಸೀಸ ಕರಗಿಸುವ ಸೋಲ್ಡರಿಂಗ್ ಕಬ್ಬಿಣದ ಶಾಖ ಅಷ್ಟೇ. ಅಂಥದ್ದೊಂದು ಕಬ್ಬಿಣವನ್ನು ಉರಿಸಿ ಒಣಮರದ ಸ್ವಿಚ್ ಬೋರ್ಡಿನೊಳಗೆ ಇಟ್ಟು ರಾತ್ರಿಯಿಡೀ ಮಲಗಿದಂತೆ ಆಯಿತು. ಇನ್ನೂ ಕಷ್ಟದ ಸಂಗತಿಯೆಂದರೆ, ಇಲ್ಲಿ ಪ್ರವಾಹ ಮಿತಿ ಮೀರಿಲ್ಲದ ಕಾರಣ ಫ್ಯೂಸಾಗಲಿ ಎಂಸಿಬಿಯಾಗಲಿ ಇದನ್ನು ಕಾಣುವುದೇ ಇಲ್ಲ. ಇದನ್ನು ಕಾಣಬಲ್ಲದ್ದು ಮನುಷ್ಯನ ಮೂಗು ಮತ್ತು ಕೈ: ಮೀನು ಕೊಳೆತಂಥ ಅಥವಾ ಪ್ಲಾಸ್ಟಿಕ್ ಕರಗಿದಂಥ ವಾಸನೆ, ಹಳದಿಗೆ ತಿರುಗಿದ ಸಾಕೆಟ್, ಕಿತ್ತಾಗ ಬಿಸಿಯಾಗಿರುವ ಪ್ಲಗ್, ಎಸಿ ಶುರುವಾದಾಗ ಮಿಣುಕುವ ದೀಪ. ಇವುಗಳಲ್ಲಿ ಒಂದು ಕಂಡರೂ ಆ ಪಾಯಿಂಟನ್ನು ಆ ದಿನವೇ ನಿಲ್ಲಿಸಬೇಕು.

ಇನ್ನು ಎಂಸಿಬಿಯ ವಿಷಯ. ಕಿಟ್‌ಕ್ಯಾಟ್ ತೆಗೆದು ಎಂಸಿಬಿ ಹಾಕುವುದು ಒಳ್ಳೆಯದೇ; ಆದರೆ ಎಂಸಿಬಿ ಕಾಯುವುದು ತನ್ನ ಮುಂದಿರುವ ತಂತಿಯನ್ನು ಎಂಬುದನ್ನು ಮರೆತರೆ ಅದು ಕಾವಲಾಗುವುದಿಲ್ಲ. 1.5 ಚದರ ಮಿಲಿಮೀಟರಿನ ತಂತಿಗೆ 10 ಆಂಪಿಯರ್, 2.5ಕ್ಕೆ 16, 4ಕ್ಕೆ 20 ಅಥವಾ 25 ಎಂಬುದು ಮನೆಯ ಕೆಲಸದಲ್ಲಿ ರೂಢಿಯಲ್ಲಿರುವ ಸುರಕ್ಷಿತ ಜೋಡಿ. ಹಳೆಯ 3/22 ತಂತಿಗೆ 32 ಆಂಪಿಯರಿನ ಎಂಸಿಬಿ ಹಾಕಿದಾಗ ಮನೆಯವರಿಗೆ ಕಾಣುವುದು ಹೊಸ ಬಿಳಿ ಪೆಟ್ಟಿಗೆ. ತಂತಿಗೆ ಆಗುವುದು ಅತ್ತೆಯ ಮನೆಯ ಹೊಸೆದ ತಾಮ್ರ ಮಾಡಿದ್ದೇ. ತಂತಿ ಇಪ್ಪತ್ತು ಇಪ್ಪತ್ತೈದು ಆಂಪಿಯರಿನಲ್ಲಿ ಬೇಯುತ್ತಿದ್ದರೂ ಎಂಸಿಬಿ ಸುಮ್ಮನಿರುತ್ತದೆ, ಏಕೆಂದರೆ ಅದರ ಲೆಕ್ಕದಲ್ಲಿ ಇನ್ನೂ ಏನೂ ಆಗಿಲ್ಲ. ಎಂಸಿಬಿ ಮತ್ತೆ ಮತ್ತೆ ಬೀಳುತ್ತದೆ ಎಂದು ದೂರಿದಾಗ ದೊಡ್ಡದೊಂದನ್ನು ಹಾಕಿ ಹೋಗುವವನು ತೊಂದರೆಯನ್ನು ಕಣ್ಣಿಗೆ ಕಾಣುವ ಜಾಗದಿಂದ ಗೋಡೆಯೊಳಗೆ ತಳ್ಳಿ ಹೋಗಿರುತ್ತಾನೆ.

ಹಳೆಯ ಮನೆಗಳಲ್ಲಿ ಇನ್ನೊಂದು ಪದ್ಧತಿಯಿತ್ತು: ವಿದ್ಯುತ್ ತರುವ ಫೇಸ್ ತಂತಿಗೊಂದು, ಅದು ಹಿಂದಿರುಗುವ ನ್ಯೂಟ್ರಲ್ ತಂತಿಗೊಂದು ಹೀಗೆ ಎರಡಕ್ಕೂ ಫ್ಯೂಸ್. ನ್ಯೂಟ್ರಲಿನ ಫ್ಯೂಸ್ ಮೊದಲು ಹೋದರೆ ದೀಪ ಆರುತ್ತದೆ, ಕರೆಂಟ್ ಹೋಗಿದೆ ಎಂದು ಎಲ್ಲರೂ ತಿಳಿಯುತ್ತಾರೆ, ಆದರೆ ಫೇಸ್ ತಂತಿ ಜೀವಂತವಾಗಿಯೇ ಇರುತ್ತದೆ. ಸ್ಟೂಲ್ ಹತ್ತಿ ಹೋಲ್ಡರಿಗೆ ಕೈಯಿಟ್ಟವನಿಗೆ ಆಗ ಶಾಕ್ ಹೊಡೆಯುತ್ತದೆ. ಅತ್ತೆಯ ಮನೆಯ ಎರಡನೆಯ ಕಿಟ್‌ಕ್ಯಾಟ್ ಇದೇ ಆಗಿತ್ತು. ಬೇರೇನೂ ಮಾಡಿಸಲು ಅನುಕೂಲವಿಲ್ಲದವರೂ ನ್ಯೂಟ್ರಲಿನ ಫ್ಯೂಸ್ ತೆಗೆಸಿ ಗಟ್ಟಿ ಲಿಂಕ್, ಅಂದರೆ ಫ್ಯೂಸಿಲ್ಲದ ನೇರ ಜೋಡಣೆ, ಹಾಕಿಸಬಹುದು.

ಬೆಂಕಿಯ ಮಾತು ಹಾಗಿರಲಿ, ಜೀವಕ್ಕೆ ನೇರವಾಗಿ ಎರಗುವುದು, ಸೋರಿದ ವಿದ್ಯುತ್ತನ್ನು ನೆಲಕ್ಕಿಳಿಸುವ ಅರ್ಥಿಂಗ್ ಇಲ್ಲದ ವ್ಯವಸ್ಥೆ. ಎರಡು ಪಿನ್ನಿನ ಕಾಲದಲ್ಲಿ ಅರ್ಥ್ ತಂತಿ ಎಳೆಯುತ್ತಲೇ ಇರಲಿಲ್ಲ. ಆಮೇಲೆ ಮೂರು ತೂತಿನ ಸಾಕೆಟ್‌ಗಳು ಬಂದವು. ಮೇಲಿನ ದೊಡ್ಡ ತೂತಿನ ಹಿಂದೆ ಏನೂ ಇರುವುದಿಲ್ಲ, ಅಥವಾ ಅದನ್ನು ಪಕ್ಕದ ನ್ಯೂಟ್ರಲಿಗೇ ಸೇರಿಸಿಬಿಟ್ಟಿರುತ್ತಾರೆ. ಈ ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದ್ದು, ಏಕೆಂದರೆ ಎಲ್ಲಾದರೂ ನ್ಯೂಟ್ರಲ್ ತುಂಡಾದರೆ ಫ್ರಿಜ್ಜಿನ ಹೊರಮೈಗೇ ಫೇಸ್ ಬರುತ್ತದೆ. ಮುಂಬೈಯ ಹಳೆಯ ಕಟ್ಟಡಗಳಿಗೆ ವಿಶೇಷವಾದ ಮೂರನೆಯ ತೊಡಕೂ ಒಂದಿದೆ. ಹಿಂದೆ ಅನೇಕರು ಅರ್ಥ್ ತಂತಿಯನ್ನು ನೀರಿನ ಕಬ್ಬಿಣದ ಪೈಪಿಗೆ ಕಟ್ಟುತ್ತಿದ್ದರು. ಪೈಪು ನೆಲದೊಳಗೆ ಹೋಗುತ್ತಿದ್ದುದರಿಂದ ಅಷ್ಟಿಷ್ಟು ಕೆಲಸ ನಡೆಯುತ್ತಿತ್ತು. ಈಗ ತುಕ್ಕು ಹಿಡಿದ ಪೈಪುಗಳನ್ನು ತೆಗೆದು ಪ್ಲಾಸ್ಟಿಕ್ ಪೈಪು ಹಾಕಿಸಿದ್ದೇವೆ. ನೀರು ಚೆನ್ನಾಗಿ ಬರುತ್ತಿದೆ. ಆದರೆ ಇಡೀ ಕಟ್ಟಡದ ಅರ್ಥಿಂಗ್ ಕಡಿದುಹೋದದ್ದು ಪ್ಲಂಬರನಿಗೂ ಗೊತ್ತಾಗಿಲ್ಲ, ಮನೆಯವರಿಗೂ ಗೊತ್ತಾಗಿಲ್ಲ. ಪೈಪು ಬದಲಿಸಿದ ಮೇಲೆ ಗ್ರೈಂಡರ್ ಮುಟ್ಟಿದಾಗ ಜುಮ್ ಎನ್ನುತ್ತಿದೆ ಎಂದು ಯಾರಾದರೂ ಹೇಳಿದರೆ ಕಾರಣ ಇಲ್ಲಿ ಹುಡುಕಬೇಕು. ಅತ್ತೆ ಹಿಟ್ಟು ರುಬ್ಬುವಾಗ ಮರದ ಮಣೆಯ ಮೇಲೆ ನಿಲ್ಲುವುದನ್ನು ಎಷ್ಟೋ ವರ್ಷಗಳಿಂದ ನೋಡಿದ್ದ ನಾವು ಅದನ್ನು ಅವರ ಅಭ್ಯಾಸ ಎಂದುಕೊಂಡಿದ್ದೆವು.

ಶಾಕ್ ಎಂಬುದಕ್ಕೆ ಎಷ್ಟು ಸಣ್ಣ ಪ್ರವಾಹ ಸಾಕು ಎಂಬುದನ್ನು ಹೋಲಿಸಿ ನೋಡಿದರೆ ಫ್ಯೂಸಿನ ಮೇಲಿನ ಭರವಸೆ ಕರಗುತ್ತದೆ. ಹತ್ತು ಮಿಲಿಆಂಪಿಯರಿನ ಆಸುಪಾಸಿನಲ್ಲಿ ಹಿಡಿದ ಕೈ ಬಿಡಲಾಗದಂತೆ ಸ್ನಾಯು ಬಿಗಿಯುತ್ತದೆ; ಮೂವತ್ತು ದಾಟಿ ಹೆಚ್ಚು ಹೊತ್ತು ಹರಿದರೆ ಉಸಿರಿಗೂ ಹೃದಯದ ಬಡಿತಕ್ಕೂ ಕುತ್ತು. ಹಳೆಯ 60 ವ್ಯಾಟಿನ ಬಲ್ಬು ಎಳೆಯುತ್ತಿದ್ದುದು ಸುಮಾರು 260 ಮಿಲಿಆಂಪಿಯರ್. ಅಂದರೆ ಒಂದು ಬಲ್ಬಿನ ಒಂಬತ್ತರಲ್ಲೊಂದು ಪಾಲು ಮನುಷ್ಯನಿಗೆ ಮಿತಿ. ಆರು ಆಂಪಿಯರಿನ ಫ್ಯೂಸಿಗೆ ಅದು ಲೆಕ್ಕಕ್ಕೇ ಬಾರದ ಅಳತೆ. ಈ ಸಣ್ಣ ಸೋರಿಕೆಯನ್ನು ಹಿಡಿಯಲೆಂದೇ ಆರ್‌ಸಿಸಿಬಿ ಇದೆ. ಅಂಗಡಿಗಳಲ್ಲಿ ಈಗಲೂ ಇಎಲ್‌ಸಿಬಿ ಎಂದರೇ ಹೆಚ್ಚು ಜನಕ್ಕೆ ತಿಳಿಯುತ್ತದೆ. ಫೇಸಿನಲ್ಲಿ ಹೋದಷ್ಟೇ ಪ್ರವಾಹ ನ್ಯೂಟ್ರಲಿನಲ್ಲಿ ಹಿಂದೆ ಬರುತ್ತಿದೆಯೇ ಎಂದು ಅದು ಸದಾ ತೂಗುತ್ತಿರುತ್ತದೆ. ವ್ಯತ್ಯಾಸ 30 ಮಿಲಿಆಂಪಿಯರಿಗೆ ಬಂದರೆ, ಉಳಿದದ್ದು ಯಾರದೋ ಮೈಯ ಮೂಲಕವೋ ಒದ್ದೆ ಗೋಡೆಯ ಮೂಲಕವೋ ನೆಲ ಸೇರುತ್ತಿದೆ ಎಂದರ್ಥ. ಸೆಕೆಂಡಿನ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ ಮನೆಯ ವಿದ್ಯುತ್ತನ್ನು ಕಡಿಯುತ್ತದೆ. ಅರ್ಥಿಂಗ್ ಇದ್ದರೆ ನಾವು ಮುಟ್ಟುವ ಮೊದಲೇ ಬೀಳುತ್ತದೆ. ಇಲ್ಲದಿದ್ದರೆ ಮುಟ್ಟಿದವರಿಗೆ ಒಂದು ಹೊಡೆತ ತಗಲುತ್ತದೆ, ಆದರೆ ಜೀವ ಉಳಿಯುವ ಸಾಧ್ಯತೆ ಬಹಳ ಹೆಚ್ಚುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳು 2 ಕಿಲೋವ್ಯಾಟ್ ಮತ್ತು ಅದಕ್ಕಿಂತ ಹೆಚ್ಚಿನ ಮನೆಯ ಸಂಪರ್ಕಗಳಿಗೆ 30 ಮಿಲಿಆಂಪಿಯರಿನ ಈ ರಕ್ಷಣೆಯನ್ನು ಕಡ್ಡಾಯಗೊಳಿಸಿವೆ. ಎಸಿ ಅಥವಾ ಗೀಸರ್ ಇರುವ ಯಾವ ಮನೆಯೂ ಈ ಮಿತಿಯ ಹೊರಗೆ ಉಳಿಯುವುದಿಲ್ಲ. ಎರಡರಿಂದ ನಾಲ್ಕು ಸಾವಿರ ರೂಪಾಯಿಯ ಸಾಧನ ಇದು.

ಹಾಗಾದರೆ ಹಳೆಯ ಮನೆಗಳಲ್ಲಿ ಇದು ಏಕೆ ಇಲ್ಲ? ಹಾಕಿಸಿದವರೂ ಏಕೆ ತೆಗೆಸುತ್ತಾರೆ? ಹಾಕಿದ ದಿನವೇ ಅದು ಬೀಳಲು ಶುರುವಾಗುತ್ತದೆ ಎಂಬುದು ಉತ್ತರ. ಒಂದು ದೊಡ್ಡ ಮನೆಯನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಂಡು ಎರಡು ಮೀಟರ್ ಪಡೆದಿರುತ್ತಾರೆ, ಆದರೆ ನಡುಗೋಡೆಯ ದೀಪಕ್ಕೆ ಆಚೆಯ ಮನೆಯ ನ್ಯೂಟ್ರಲ್ ಹಾಗೆಯೇ ಉಳಿದಿರುತ್ತದೆ. ಹೋದದ್ದು ಒಂದು ದಾರಿ, ಬಂದದ್ದು ಇನ್ನೊಂದು ದಾರಿಯಾದಾಗ ಆರ್‌ಸಿಸಿಬಿಗೆ ಅದು ಸೋರಿಕೆಯೇ. ಸಾಕೆಟ್ಟಿನಲ್ಲಿ ನ್ಯೂಟ್ರಲಿಗೆ ಅರ್ಥ್ ಕಟ್ಟಿದ್ದು, ಆ ಅರ್ಥ್ ಎಲ್ಲಾದರೂ ನೆಲಕ್ಕೆ ತಾಗಿದ್ದರೂ ಹೀಗೆಯೇ. ಜೂನ್ ತಿಂಗಳಲ್ಲಿ ಗೋಡೆ ನೆನೆದರೆ ಬಿರಿದ ಹೊದಿಕೆಯಿಂದ ನಿಜವಾದ ಸೋರಿಕೆಯೂ ಶುರುವಾಗುತ್ತದೆ. ಈ ಮೂರರಲ್ಲಿ ಯಾವುದೆಂದು ಹುಡುಕಲು ಅರ್ಧ ದಿನ ಬೇಕು; ಸಾಧನವನ್ನು ತಪ್ಪಿಸಿ ತಂತಿ ನೇರ ಮಾಡಲು ಐದು ನಿಮಿಷ ಸಾಕು. ಗಿರಾಕಿ ಅವಸರ ಮಾಡಿದರೆ ಎಲೆಕ್ಟ್ರಿಷಿಯನ್ ಐದು ನಿಮಿಷದ ದಾರಿ ಹಿಡಿಯುತ್ತಾನೆ. ಆ ಅರ್ಧ ದಿನದ ಕೂಲಿಯನ್ನು ಕೊಟ್ಟು ಹುಡುಕಿಸುವುದೇ ಈ ಇಡೀ ಕೆಲಸದಲ್ಲಿ ಅತ್ಯಂತ ಸಾರ್ಥಕ ಖರ್ಚು ಎಂದು ನಾನು ನಂಬುತ್ತೇನೆ.

ಮನೆಯ ಬಾಗಿಲು ದಾಟಿ ಹೊರಗೆ ಬಂದರೆ ಸಮಸ್ಯೆಯ ಇನ್ನೊಂದು ಮುಖ ಕಾಣುತ್ತದೆ. ಹಳೆಯ ಕಟ್ಟಡಗಳಲ್ಲಿ ಮೀಟರುಗಳು ಇರುವುದು ಸಾಮಾನ್ಯವಾಗಿ ನೆಲ ಅಂತಸ್ತಿನಲ್ಲಿ, ಎಷ್ಟೋ ಕಡೆ ಮರದ ಮೆಟ್ಟಿಲಿನ ಅಡಿಯಲ್ಲಿ. ಅಲ್ಲಿಂದ ಪ್ರತಿ ಮನೆಗೂ ತಂತಿಗಳ ಒಂದು ದಪ್ಪ ಹೊರೆ ಮೆಟ್ಟಿಲ ಗೋಡೆಗುಂಟ ಮೇಲೇರುತ್ತದೆ; ಯಾವುದು ಸತ್ತದ್ದು, ಯಾವುದು ಜೀವಂತ ಎಂದು ಯಾರಿಗೂ ಗೊತ್ತಿಲ್ಲದೆ ಹಳೆಯದರ ಮೇಲೆ ಹೊಸದನ್ನು ಕಟ್ಟುತ್ತ ಹೋಗಿರುತ್ತಾರೆ. ಅದೇ ಜಾಗದಲ್ಲಿ ಸೈಕಲ್ಲು, ಹಳೆಯ ಪೇಪರ್, ಗಣಪತಿ ಹಬ್ಬದ ಅಲಂಕಾರದ ಸಾಮಾನು, ಈಚೆಗೆ ಚಾರ್ಜಿಗೆ ಹಾಕಿದ ಎಲೆಕ್ಟ್ರಿಕ್ ಸ್ಕೂಟರ್. ಇಡೀ ಕಟ್ಟಡಕ್ಕೆ ಹೊರಬರುವ ದಾರಿ ಅದೊಂದೇ. ಮೀಟರ್ ರೂಮಿನಲ್ಲಿ ಬೆಂಕಿ ಹತ್ತಿದರೆ ಜ್ವಾಲೆ ಮೇಲೆ ತಲುಪುವ ಮೊದಲೇ ಪಿವಿಸಿ ಸುಟ್ಟ ಕಪ್ಪು ಹೊಗೆ ಮೆಟ್ಟಿಲಿನ ಬಾವಿಯನ್ನು ತುಂಬುತ್ತದೆ, ಓಡಿ ಪಾರಾಗಲು ಬಾಗಿಲು ತೆರೆದವರು ಆ ಹೊಗೆಯೊಳಗೇ ಇಳಿಯಬೇಕಾಗುತ್ತದೆ. 2024ರ ಅಕ್ಟೋಬರ್ 6ರ ಬೆಳಗಿನ ಜಾವ ಚೆಂಬೂರಿನ ಸಿದ್ಧಾರ್ಥ ಕಾಲೊನಿಯಲ್ಲಿ ಕೆಳಗಿನ ಅಂಗಡಿಗೆ ಹತ್ತಿದ ಬೆಂಕಿ ಮೇಲಿನ ಮನೆಗೆ ಏರಿ ಒಂದೇ ಕುಟುಂಬದ ಏಳು ಮಂದಿ ತೀರಿಕೊಂಡರು. ಕೆಳಗೆ ಹುಟ್ಟಿದ ಬೆಂಕಿಗೆ ಮೇಲೆ ಮಲಗಿದ್ದವರು ಹೇಗೆ ಸಿಕ್ಕಿಬೀಳುತ್ತಾರೆ ಎಂಬುದನ್ನು ಆ ಬೆಳಗು ತೋರಿಸಿತು. ಹೋಟೆಲಿನ ಅಟ್ಟದಲ್ಲಿ, ಮುಂಬೈಯವರು ಪೋಟ್‌ಮಾಳ ಎನ್ನುವ ಜಾಗದಲ್ಲಿ, ಮಲಗುವ ನಮ್ಮ ಊರುಗಳ ಹುಡುಗರ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಕೆಳಗೆ ಫ್ರಿಜ್ಜು, ಗ್ರೈಂಡರ್, ಡೀಪ್ ಫ್ರೀಜರುಗಳು ರಾತ್ರಿಯಿಡೀ ಓಡುತ್ತಿರುತ್ತವೆ, ಇಳಿಯಲು ಇರುವುದು ಒಂದು ಏಣಿ. ಹೋಟೆಲು ನಡೆಸುವ ನಮ್ಮವರು ಮೊದಲು ನೋಡಬೇಕಾದ ಜಾಗ ಇದು.

ಕಟ್ಟಡದ ಮುಖ್ಯ ನ್ಯೂಟ್ರಲ್ ಕಿಲುಬು ಹಿಡಿದು ತುಂಡಾಗುವುದೂ ಇಲ್ಲಿಯೇ. ಮೂರು ಫೇಸಿನ ಸರಬರಾಜಿನಲ್ಲಿ ಅದು ಕಡಿದರೆ ಕೆಲವು ಮನೆಗಳಿಗೆ ವೋಲ್ಟೇಜ್ ಕುಸಿದು ಇನ್ನು ಕೆಲವಕ್ಕೆ 400ರ ಹತ್ತಿರ ಏರಿ, ಒಂದೇ ಸಂಜೆ ಹತ್ತಾರು ಟಿವಿ, ಫ್ರಿಜ್ಜುಗಳು ಸುಡುತ್ತವೆ.

ಇದೆಲ್ಲ ಯಾರ ಹೊಣೆ ಎಂಬ ಪ್ರಶ್ನೆಗೆ ಉತ್ತರ ಕಟ್ಟಡದ ಒಡೆತನವನ್ನು ಅವಲಂಬಿಸಿದೆ. ದ್ವೀಪನಗರದಲ್ಲಿ ಬೆಸ್ಟ್, ಉಪನಗರಗಳಲ್ಲಿ ಅದಾನಿ ಮತ್ತು ಟಾಟಾ, ಮುಲುಂಡ್, ಭಾಂಡುಪ್, ಡೊಂಬಿವಲಿಗಳ ಕಡೆ ಮಹಾವಿತರಣ, ಹೀಗೆ ಸರಬರಾಜು ಯಾರದೇ ಇರಲಿ, ಅವರ ಕೆಲಸ ಮೀಟರಿಗೆ ಮುಗಿಯುತ್ತದೆ. ಸಹಕಾರಿ ಹೌಸಿಂಗ್ ಸೊಸೈಟಿಯಾದರೆ ಮಾದರಿ ಉಪವಿಧಿಗಳ ಪ್ರಕಾರ ಫ್ಲ್ಯಾಟಿನ ಮುಖ್ಯ ಸ್ವಿಚ್ಚಿನವರೆಗಿನ ತಂತಿ ಸೊಸೈಟಿಯ ಹೊಣೆ, ಅದರಿಂದ ಒಳಗೆ ಸದಸ್ಯರದು. ಕಷ್ಟವಿರುವುದು ಪಗಡಿ ಮನೆಗಳಲ್ಲಿ, ಅಂದರೆ ಮೊದಲಿಗೆ ಒಂದು ದೊಡ್ಡ ಮೊತ್ತ ಕೊಟ್ಟು ಆಮೇಲೆ ಅಲ್ಪ ಬಾಡಿಗೆಗೆ ಇರುವ ಮನೆಗಳಲ್ಲಿ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ 1999ರ 14ನೆಯ ಕಲಮು ಮನೆಯನ್ನು ಸುಸ್ಥಿತಿಯಲ್ಲಿಡುವುದು ಮಾಲೀಕನ ಕರ್ತವ್ಯ ಎನ್ನುತ್ತದೆ. ಅವನು ಮಾಡದಿದ್ದರೆ ಬಾಡಿಗೆದಾರ ಹದಿನೈದು ದಿನಗಳ ನೋಟಿಸ್ ಕೊಟ್ಟು ತಾನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು, ಆದರೆ ವರ್ಷಕ್ಕೆ ಬಾಡಿಗೆಯ ನಾಲ್ಕನೆಯ ಒಂದು ಭಾಗ ಮೀರದಂತೆ. ತಿಂಗಳಿಗೆ ಕೆಲವು ನೂರು ರೂಪಾಯಿ ಬಾಡಿಗೆಯಿರುವ ಮನೆಯಲ್ಲಿ ಆ ಕಾಲುಭಾಗದಿಂದ ಒಂದು ಸರಿಯಾದ ಡಿಸ್ಟ್ರಿಬ್ಯೂಷನ್ ಬೋರ್ಡೂ ಬರುವುದಿಲ್ಲ. ದುರಸ್ತಿಗೆಂದು ಸೆಸ್ ಕಟ್ಟುವ ಹಳೆಯ ಕಟ್ಟಡಗಳಿಗೆ ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾದ ದುರಸ್ತಿ ಮಂಡಳಿಯಿದೆ, ಆದರೆ ಅದರ ಗಮನ ಮುಖ್ಯವಾಗಿ ಕಂಬ, ತೊಲೆ, ಮೆಟ್ಟಿಲು, ಗೋಡೆಗಳ ಮೇಲೆ. 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ. ಗೋಡೆಯೊಳಗಿನ ತಂತಿಗೂ ಅದೇ ವಯಸ್ಸಾಗಿದೆಯಲ್ಲ ಎಂದು ಕೇಳುವ ಅಷ್ಟೇ ಗಟ್ಟಿಯಾದ ವ್ಯವಸ್ಥೆ ಸಣ್ಣ ಕಟ್ಟಡಗಳಿಗೆ ಇಲ್ಲ. ವಿದ್ಯುತ್ ನಿಯಮಗಳಲ್ಲಿ ಬಹುಮಹಡಿಗಳಿಗೆಂದು ಇರುವ ವಿಶೇಷ ಷರತ್ತುಗಳು 15 ಮೀಟರಿಗಿಂತ ಎತ್ತರದ ಕಟ್ಟಡಗಳಿಗೆ ಅನ್ವಯಿಸುತ್ತವೆ. ಮೂರು ಮಹಡಿಯ ಚಾಳು ಅದರ ಕೆಳಗೇ ಉಳಿದುಹೋಗುತ್ತದೆ. ನನ್ನ ದೃಷ್ಟಿಯಲ್ಲಿ ನಿಯಮದ ದೊಡ್ಡ ಕೊರತೆ ಇದೇ, ಏಕೆಂದರೆ ಎತ್ತರಕ್ಕಿಂತ ವಯಸ್ಸು ಇಲ್ಲಿ ಹೆಚ್ಚು ಮುಖ್ಯ.

ಎಲ್ಲಕ್ಕಿಂತ ಮೇಲೆ ಒಂದು ಮಾತು ಕೆಲಸವನ್ನು ನಿಲ್ಲಿಸುತ್ತದೆ: “ಹೇಗೂ ಬಿಲ್ಡಿಂಗ್ ರಿಡೆವಲಪ್‌ಮೆಂಟಿಗೆ ಹೋಗುತ್ತದೆ, ಈಗ ಯಾಕೆ ಖರ್ಚು?” ವರ್ಲಿಯ ಬಿಡಿಡಿ ಚಾಳುಗಳ ಪುನರ್ನಿರ್ಮಾಣಕ್ಕೆ 2017ರಲ್ಲಿ ಭೂಮಿಪೂಜೆಯಾಯಿತು, ಮೊದಲ 556 ಮನೆಗಳ ಕೀಲಿಕೈ ಜನರ ಕೈ ಸೇರಿದ್ದು 2025ರ ಆಗಸ್ಟ್‌ನಲ್ಲಿ. ಸರಕಾರವೇ ಮುಂದೆ ನಿಂತ ಯೋಜನೆಗೆ ಎಂಟು ಮಳೆಗಾಲ ಬೇಕಾಯಿತು. ಮಾಲೀಕ, ಬಿಲ್ಡರ್, ಬಾಡಿಗೆದಾರರ ನಡುವಿನ ತಗಾದೆಗಳಲ್ಲಿ ಸಿಕ್ಕ ಕಟ್ಟಡಕ್ಕೆ ಇನ್ನೂ ಹೆಚ್ಚು ಬೇಕಾಗಬಹುದು, ಮತ್ತು ಆ ಎಲ್ಲ ವರ್ಷಗಳಲ್ಲಿ ಎಸಿ, ಗೀಸರುಗಳು ನಿಲ್ಲುವುದಿಲ್ಲ. ಗೋಡೆ ಕೊರೆದು ತಂತಿ ಹುದುಗಿಸುವ ದುಬಾರಿ ಕೆಲಸ ಬೇಡವೆನ್ನುವುದು ಸರಿಯೇ. ಗೋಡೆಯ ಮೇಲೆಯೇ ಪಿವಿಸಿ ಪಟ್ಟಿಯೊಳಗೆ ಹೊಸ ತಂತಿ ಎಳೆಸಿದರೆ ಖರ್ಚು ಕಡಿಮೆ, ನೋಡಲು ಸ್ವಲ್ಪ ಒರಟು, ರಕ್ಷಣೆ ಮಾತ್ರ ಅಷ್ಟೇ. ಮನೆ ಬಿಡುವಾಗ ಬೋರ್ಡು, ಆರ್‌ಸಿಸಿಬಿ, ಎಂಸಿಬಿಗಳನ್ನು ಬಿಚ್ಚಿ ಒಯ್ಯಲೂ ಬಹುದು.

ಹಣ ಸೀಮಿತವಾಗಿದ್ದಾಗ ಯಾವುದು ಮೊದಲು ಎಂಬ ಕ್ರಮ ಮುಖ್ಯ. ಮಹಾರಾಷ್ಟ್ರದ ಪರವಾನಗಿಯುಳ್ಳ ವಿದ್ಯುತ್ ಗುತ್ತಿಗೆದಾರರಿಂದ ಮೆಗ್ಗರ್ ಪರೀಕ್ಷೆ ಮಾಡಿಸುವುದರಿಂದ ಶುರು ಮಾಡಬೇಕು. 500 ವೋಲ್ಟ್ ಹಾಕಿ ಅಳೆದಾಗ ತಂತಿಗೂ ನೆಲಕ್ಕೂ ನಡುವಿನ ನಿರೋಧ ಒಂದು ಮೆಗಾಓಮಿಗಿಂತ ಕೆಳಗಿದ್ದರೆ ಆ ಸರ್ಕ್ಯೂಟ್ ಬಳಕೆಗೆ ಯೋಗ್ಯವಲ್ಲ. ಆಮೇಲೆ ಆರ್‌ಸಿಸಿಬಿ, ಮತ್ತು ಈಗಿರುವ ತಂತಿಯ ದಪ್ಪಕ್ಕೆ ತಕ್ಕಂತೆ ಇಳಿಸಿದ ಎಂಸಿಬಿಗಳು. ಇವು ಬಿದ್ದರೆ ಬೀಳಲಿ, ಯಾವ ಭಾರ ಅತಿಯಾಯಿತೆಂದು ಅವೇ ತಿಳಿಸುತ್ತವೆ. ಮೂರನೆಯದಾಗಿ ಎಸಿ, ಗೀಸರ್, ಅಡುಗೆಮನೆ ಇವುಗಳಿಗೆ ಬೋರ್ಡಿನಿಂದಲೇ ಪ್ರತ್ಯೇಕವಾದ 4 ಚದರ ಮಿಲಿಮೀಟರಿನ ತಂತಿ, ಜೊತೆಗೆ ಹಸಿರು ಅರ್ಥ್ ತಂತಿ, 16 ಆಂಪಿಯರಿನ ಸಾಕೆಟ್. ಭಾರವೆಲ್ಲ ಹೊಸ ದಾರಿಗೆ ಹೋದ ಮೇಲೆ ಹಳೆಯ ತಂತಿಯ ಮೇಲೆ ಉಳಿಯುವುದು ಎಲ್‌ಇಡಿ ದೀಪ ಮತ್ತು ಫ್ಯಾನು. ಮೆಗ್ಗರಿನಲ್ಲಿ ಪಾಸಾಗಿದ್ದರೆ ಅದನ್ನು ಮುಂದಿನ ವರ್ಷಕ್ಕೆ ಬಿಡಬಹುದು. ತಂತಿ ಕೊಳ್ಳುವಾಗ ಐಎಸ್ 694ರ ಗುರುತನ್ನು ನೋಡಬೇಕು, ಸಾಧ್ಯವಾದರೆ ಸುಟ್ಟಾಗ ಕಡಿಮೆ ಹೊಗೆ ಬಿಡುವ ಬಗೆಯನ್ನೇ ಆರಿಸಬೇಕು. ಅರ್ಥಿಂಗಿಗೆ ಅಂಗಳದಲ್ಲಿ ಹೊಸ ಗುಂಡಿ ತೋಡಿ ಇಡೀ ಕಟ್ಟಡಕ್ಕೆ ಒಂದು ಪಟ್ಟಿ ಮೇಲೆತ್ತುವುದೇ ಸರಿ. ಒಬ್ಬೊಬ್ಬರೇ ಮಾಡಿಸಹೋದರೆ ಖರ್ಚೂ ಹೆಚ್ಚು, ಫಲವೂ ಅನುಮಾನ. ಮಂಜೂರಾದ ಭಾರಕ್ಕಿಂತ ಬಳಕೆ ಹೆಚ್ಚಿದ್ದರೆ ಲೋಡ್ ಹೆಚ್ಚಿಸಲು ಅರ್ಜಿ ಕೊಡಲೇಬೇಕು. ಬಿಲ್ಲಿನಲ್ಲಿ ಸ್ವಲ್ಪ ಏರಬಹುದೆಂದು ಹಿಂಜರಿಯುವವರು ಮೀಟರಿನ ಹಿಂದಿನ ತಂತಿಯೂ ಹಳೆಯ ಲೆಕ್ಕದ್ದೇ ಎಂಬುದನ್ನು ನೆನೆಯಬೇಕು. ಆರ್‌ಸಿಸಿಬಿಯ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡುವುದು ಮನೆಯವರೇ ಮಾಡಬೇಕಾದ ಕೆಲಸ. ಒತ್ತಿದಾಗ ಬೀಳದಿದ್ದರೆ ಅದನ್ನು ಬದಲಿಸಬೇಕು.

ಅತ್ತೆಯ ಮನೆಯಲ್ಲಿ ಆರ್‌ಸಿಸಿಬಿ ಹಾಕಿದ ಮರುದಿನ ಬೆಳಿಗ್ಗೆ, ಗ್ರೈಂಡರಿನ ಸ್ವಿಚ್ಚೊತ್ತಿದ ಕ್ಷಣದಲ್ಲಿ, ಮನೆಯೆಲ್ಲ ಕತ್ತಲಾಯಿತು. ಮೋಟಾರಿನ ಅಡಿಯಲ್ಲಿ ವೈರು ಒಳಗೆ ಹೋಗುವ ಕಡೆ ಹೊದಿಕೆ ಸವೆದು, ವರ್ಷಗಳಿಂದ ಸೋರಿದ ಹಿಟ್ಟಿನ ನೀರು ಒಣಗಿ ಪದರ ಕಟ್ಟಿತ್ತು. ಅರ್ಧ ಗಂಟೆಯಲ್ಲಿ ವೈರು ಬದಲಾಯಿತು. ಮನೆಯೊಳಗಿನ ಕೆಲಸ ಜೂನ್ ಮೊದಲ ವಾರಕ್ಕೆ ಮುಗಿಯಿತು. ಮೀಟರ್ ರೂಮಿನಿಂದ ಮೂರನೆಯ ಮಹಡಿಗೆ ಬರುವ ತಂತಿ ಮಾತ್ರ ಇನ್ನೂ ಹಳೆಯದೇ ಇದೆ. ಅದನ್ನೂ, ಅಂಗಳದ ಅರ್ಥಿಂಗನ್ನೂ ಒಟ್ಟಿಗೆ ಮಾಡಿಸಲು ಕಟ್ಟಡದ ಹದಿನಾರು ಬಾಡಿಗೆದಾರರಲ್ಲಿ ಹದಿನಾಲ್ಕು ಮಂದಿ ಹಣ ಹಾಕಲು ಒಪ್ಪಿದ್ದಾರೆ, ಮಾಲೀಕರಿಗೆ ನೋಟಿಸ್ ಹೋಗಿದೆ. ಅಲ್ಲಿಯವರೆಗೆ ಮೇನ್ ಎಂಸಿಬಿಯನ್ನು 16 ಆಂಪಿಯರಿಗೆ ಇಳಿಸಿಟ್ಟಿದ್ದೇವೆ. ಅತ್ತೆ ಗೀಸರ್ ಆರಿಸಿದ ಮೇಲೆಯೇ ಎಸಿ ಹಾಕುತ್ತಾರೆ.